ಗಾಯ ತೋರಿಸಲು ಬಸ್ಸು ಹತ್ತಲೇಬೇಕೆ?



ಹರ್ನಿಯಾ ಆಪರೇಷನ್ ಆಗಿ ಹತ್ತು ದಿನ. ಊರು ಮಲೆ ಮಹದೇಶ್ವರ ಬೆಟ್ಟದ ಕಡೆ, ಆಪರೇಷನ್ ಆದದ್ದು ಮೈಸೂರಿನಲ್ಲಿ. ಘಾಟಿಯ ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಕೂರಬೇಕು. ಜೊತೆಗೆ ಬರುವ ಮಗನಿಗೆ ಅವತ್ತಿನ ಕೂಲಿ ಇಲ್ಲ. ಅಷ್ಟೆಲ್ಲ ಪಟ್ಟು ಹೋದರೆ ಡಾಕ್ಟರು ಗಾಯ ನೋಡಿ, “ಚೆನ್ನಾಗಿ ಒಣಗಿದೆ, ಹೋಗಿ ಬನ್ನಿ” ಎನ್ನಲು ಐದು ನಿಮಿಷ ಸಾಕು. ಆ ಐದು ನಿಮಿಷ ಫೋನಿನಲ್ಲೇ ಮುಗಿಯುವಂತಿದ್ದರೆ ಮುಗಿಯಲಿ ಎನ್ನುವವನು ನಾನು.

ದೂರದಿಂದಲೇ ವೈದ್ಯರಿಗೆ ತೋರಿಸುವುದು ನಮ್ಮ ರಾಜ್ಯಕ್ಕೆ ಹೊಸತೇನಲ್ಲ. ಇಸ್ರೋ ಉಪಗ್ರಹದ ನೆರವಿನಿಂದ 2002ರಲ್ಲೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಕಲ್ಪಿಸಲಾಗಿತ್ತು. ಆದರೆ ಮನೆಯಲ್ಲೇ ಕೂತು ವೈದ್ಯರೊಡನೆ ಮಾತಾಡುವುದಕ್ಕೆ ದೇಶಮಟ್ಟದ ಸ್ಪಷ್ಟ ನಿಯಮ ಬಂದದ್ದು 2020ರ ಮಾರ್ಚ್ 25ರಂದು. ವೈದ್ಯರು ಒಮ್ಮೆ ಮುಖಾಮುಖಿ ನೋಡಿದ ಮೇಲೆ, ಅದೇ ಕಾಯಿಲೆಗೆ ಆರು ತಿಂಗಳೊಳಗೆ ದೂರದಿಂದಲೇ ಮರುಭೇಟಿ ನಡೆಸಬಹುದು. “ಇದನ್ನು ನೇರವಾಗಿಯೇ ನೋಡಬೇಕು” ಅನಿಸಿದರೆ ಯಾವ ಕ್ಷಣದಲ್ಲಾದರೂ ಕರೆಸಿಕೊಳ್ಳುವ ಅಧಿಕಾರವೂ ಅವರಿಗುಂಟು.

ಇನ್ನು ಗಾಯ ತೋರಿಸುವ ಬಗೆ. ಟ್ಯೂಬ್‌ಲೈಟ್ ಬೇಡ, ಹಗಲಿನ ಬೆಳಕು ಬೇಕು. ಕಿಟಕಿಗೆ ಬೆನ್ನು ಹಾಕದೆ ಮುಖ ಮಾಡಿ ಮಲಗಿ. ಫೋನನ್ನು ಮನೆಯವರೊಬ್ಬರು ಹಿಡಿಯಲಿ, ಹಿಂಬದಿಯ ಕ್ಯಾಮೆರಾ ತೆರೆಯಲಿ. ಮೊದಲು ಮೊಳದಷ್ಟು ದೂರದಿಂದ ಇಡೀ ಹೊಟ್ಟೆ, ಆಮೇಲೆ ಹತ್ತಿರದಿಂದ ಹೊಲಿಗೆ. ಕೈ ಅಲುಗದಿರಲಿ. ಗಾಯ ಕೆಂಪಗಾಗಿದೆಯೇ ಎಂದು ವೈದ್ಯರು ಕೇಳುತ್ತಾರೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದು. ಸುತ್ತಲಿನ ಚರ್ಮ ಇನ್ನಷ್ಟು ಕಪ್ಪಿಟ್ಟಂತೆ, ನೇರಳೆಗೆ ತಿರುಗಿದಂತೆ ಕಾಣಬಹುದು, ಅಷ್ಟೇ. ಅದಕ್ಕೇ ಹತ್ತಿರವಿರುವ ಒಬ್ಬರು, ಮಗಳೆಂದುಕೊಳ್ಳಿ, ಕೈ ತೊಳೆದು ಒರೆಸಿಕೊಂಡು, ಗಾಯದ ಪಕ್ಕದ ಚರ್ಮಕ್ಕೆ ಅಂಗೈಯ ಹಿಂಬದಿ ತಾಗಿಸಿ, ಹೊಟ್ಟೆಯ ಇನ್ನೊಂದು ಮಗ್ಗುಲಿಗಿಂತ ಬಿಸಿಯಿದೆಯೇ ಎಂದು ಹೇಳಬೇಕು. ಆ ಹೊತ್ತಿಗೆ ವೈದ್ಯರ ಕೈ ಅವಳದೇ.

ಆದರೆ ಹೊಲಿಗೆ ಬಿಚ್ಚುವುದು, ಡ್ರೈನ್ ನಳಿಕೆ ತೆಗೆಯುವುದು ಫೋನಿನಲ್ಲಿ ಆಗುವ ಕೆಲಸವಲ್ಲ. ಜ್ವರ, ಕೀವು, ನಿಲ್ಲದ ರಕ್ತ, ದಿನೇ ದಿನೇ ಹೆಚ್ಚುವ ನೋವು, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು: ಇವು ಕಂಡರೆ ವೀಡಿಯೊ ಕರೆಯ ಸರದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಏಳನೇ ದಿನ ಗಾಯ ಚೆನ್ನಾಗಿತ್ತೆಂದು ಮೈಮರೆಯಬೇಡಿ. ಸೋಂಕು ಅದರ ನಂತರವೂ ಕಾಣಿಸಿಕೊಳ್ಳಬಹುದು. ಮೊದಲ ಮೂವತ್ತು ದಿನ ಗಾಯದ ಮೇಲೆ ಕಣ್ಣಿರಲಿ.

ಹೆಣ್ಣುಮಕ್ಕಳಿಗೊಂದು ಮಾತು. ಸಿಸೇರಿಯನ್ ಗಾಯವನ್ನೋ ಎದೆಯ ಗಾಯವನ್ನೋ ತೋರಿಸುವ ಮುನ್ನ, “ನಿಮ್ಮ ಕೋಣೆಯಲ್ಲಿ ಇನ್ನು ಯಾರಿದ್ದಾರೆ?” ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಗಾಯದ ಫೋಟೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಎರಡು ವಿಷಯ ಕೇಳಿ: ನನ್ನ ಮರುಭೇಟಿ ವೀಡಿಯೊದಲ್ಲಿ ಆದೀತೇ? ರಾತ್ರಿ ತೊಂದರೆಯಾದರೆ ಯಾವ ನಂಬರು? ಆ ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಂಡು ಮನೆಗೆ ಬನ್ನಿ.