ಶಾಲೆಯಿಂದ ಬಂದ ಮಗುವಿಗೆ ಎಷ್ಟು ತಿಂಡಿ?

ಸಂಜೆ ನಾಲ್ಕೂವರೆ. ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ, ಉಜಿರೆಯ ಪೇಟೆಯಲ್ಲಿ, ಮೂಡುಬಿದಿರೆಯ ಬೀದಿಗಳಲ್ಲಿ ಚೀಲ ಹೊತ್ತ ಮಕ್ಕಳೇ ಮಕ್ಕಳು. ಇನ್ನರ್ಧ ಗಂಟೆಯಲ್ಲಿ ಆ ಚೀಲಗಳೆಲ್ಲ ಮನೆಯ ಜಗಲಿಯಲ್ಲಿ ಬಿದ್ದಿರುತ್ತವೆ. ಚಪ್ಪಲಿ ಒಂದು ಕಡೆ, ಕೊಡೆ ಇನ್ನೊಂದು ಕಡೆ. ಹೊಸಿಲು ದಾಟುತ್ತಲೇ ಮಗುವಿನ ಮೊದಲ ಮಾತು ತುಳುವಿನಲ್ಲಿ: "ಅಮ್ಮಾ, ಬಡವಾಪುಂಡು. ತಿನ್ಯೆರೆ ದಾದ ಉಂಡು?" ಹಸಿವಾಗುತ್ತಿದೆ, ತಿನ್ನಲು ಏನಿದೆ? ಏನಿದೆ ಎಂಬ ಪ್ರಶ್ನೆಗೆ ಈ ಕಡೆಯ ಅಡುಗೆಮನೆಗಳಲ್ಲಿ ಉತ್ತರಕ್ಕೆ ಬರವಿಲ್ಲ. ಎಷ್ಟು ಎಂಬುದನ್ನು ಮಾತ್ರ ಮಗು ಕೇಳುವುದಿಲ್ಲ, ದೊಡ್ಡವರೂ ಅಷ್ಟಾಗಿ ಯೋಚಿಸುವುದಿಲ್ಲ. ಇವತ್ತಿನ ಮಾತು ಆ 'ಎಷ್ಟು' ಎಂಬುದರ ಕುರಿತು.

ರಾತ್ರಿ ಎಂಟೂವರೆಗೆ ಅದೇ ಮಗು ಅನ್ನದ ಬಟ್ಟಲಿನ ಮುಂದೆ ಮುಖ ತಿರುಗಿಸಿ ಕೂತಿರುತ್ತದೆ. ಮೊದಲು ಪುಸಲಾವಣೆ, ಆಮೇಲೆ ಗದರಿಕೆ, ಕೊನೆಗೆ ಮೊಬೈಲ್ ತೋರಿಸಿ ತುತ್ತು ತುರುಕುವುದು. "ಇವನು ಊಟವೇ ಮಾಡುವುದಿಲ್ಲ ಡಾಕ್ಟ್ರೇ, ಒಂದು ಟಾನಿಕ್ ಬರೆದುಕೊಡಿ" ಎಂದು ತಾಯಂದಿರು ಹೇಳಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಈ ದೂರಿನ ಕಾರಣ ಸಂಜೆ ಐದರ ತಟ್ಟೆಯಲ್ಲೇ ಸಿಗುತ್ತದೆ: ಎರಡು ಬನ್ಸ್, ದೊಡ್ಡ ಲೋಟದ ತುಂಬ ಸಕ್ಕರೆ ಹಾಕಿದ ಹಾಲು, ಟಿವಿ ಮುಂದೆ ಕೂತು ಇನ್ನೊಂದಿಷ್ಟು ಬಿಸ್ಕತ್ತು. ಮಗು ಊಟ ಬಿಟ್ಟಿಲ್ಲ, ಐದು ಗಂಟೆಗೇ ಮುಗಿಸಿದೆ.

ಹಾಗಾದರೆ ಪುಟ್ಟ ಹೊಟ್ಟೆಗೆ ಬೇಕಾದದ್ದೆಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕದಲ್ಲಿ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೋಕ್ಯಾಲರಿ, ಏಳರಿಂದ ಒಂಬತ್ತು ವರ್ಷದವರಿಗೆ ಸುಮಾರು 1,700 ಕಿಲೋಕ್ಯಾಲರಿ ಶಕ್ತಿ ಬೇಕು. ಇದರಲ್ಲಿ ಸಂಜೆಯ ತಿಂಡಿಗೆ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ ಏಳರಲ್ಲೊಂದು ಪಾಲು ಇಟ್ಟುಕೊಂಡರೆ ಮೂರು ಹೊತ್ತಿನ ಊಟಕ್ಕೆ ಜಾಗ ಉಳಿಯುತ್ತದೆ. ಅಂದರೆ ಒಂದನೇ ತರಗತಿಯ ಮಗುವಿಗೆ 140ರಿಂದ 190 ಕಿಲೋಕ್ಯಾಲರಿ. ಒಂದು ಸಣ್ಣ ಕದಳಿ ಬಾಳೆಹಣ್ಣು, ಜೊತೆಗೆ 150 ಮಿಲಿಲೀಟರ್ ಹಾಲು ಕೊಟ್ಟರೆ ಹತ್ತಿರ ಹತ್ತಿರ ಅಷ್ಟಾಯಿತು.

ಇಷ್ಟೇನಾ ಎಂದು ಅಜ್ಜಿಯರು ಹುಬ್ಬೇರಿಸುವುದು ಸಹಜ. ಆದರೆ 150 ಮಿಲಿಲೀಟರ್ ಎಂಬುದು ಯಾರೋ ಕೈಬಿಗಿ ಹಿಡಿದು ಹೇಳಿದ ಅಳತೆಯಲ್ಲ. 2013ರಲ್ಲಿ ಕರ್ನಾಟಕ ಸರಕಾರ ಕ್ಷೀರಭಾಗ್ಯ ಯೋಜನೆ ಆರಂಭಿಸಿದಾಗ ಶಾಲೆಯ ಮಗುವೊಂದಕ್ಕೆ ಗೊತ್ತುಮಾಡಿದ ಹಾಲಿನ ಪ್ರಮಾಣವೇ ಅದು. ಮನೆಯ ದೊಡ್ಡ ಸ್ಟೀಲ್ ಲೋಟಕ್ಕೆ ನೀರು ತುಂಬಿಸಿ ಒಮ್ಮೆ ಅಳೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ತಕ್ಕಡಿ ಹಿಡಿದು ಕೂರಬೇಕಾಗಿಲ್ಲ. ಅಕ್ಕಿಯನ್ನು ಸೇರಿನಲ್ಲಿ, ಹಾಲನ್ನು ಕುಡ್ತೆಯಲ್ಲಿ ಅಳೆದ ಊರಿದು. ಮಗುವಿನ ತಿಂಡಿಗೆ ಮಗುವಿನದೇ ಮುಷ್ಟಿಯನ್ನು ಅಳತೆಯಾಗಿ ಇಟ್ಟುಕೊಳ್ಳಬಹುದು. ತಾಯಿಯ ಮುಷ್ಟಿಯನ್ನಲ್ಲ, ಎಡವುವುದೇ ಅಲ್ಲಿ. ಬೇಯಿಸಿದ ಗೆಣಸಾದರೆ ಮಗುವಿನ ಮುಷ್ಟಿಯಷ್ಟು ದಪ್ಪದ ತುಂಡು, ಜೊತೆಗೊಂದು ಬೇಯಿಸಿದ ಮೊಟ್ಟೆ. ಹೆಸರುಕಾಳಿನ ಉಸ್ಲಿಯಾದರೆ ಆ ಪುಟ್ಟ ಮುಷ್ಟಿಯಲ್ಲಿ ಎರಡು. ಬಜಿಲ್, ಅಂದರೆ ಅವಲಕ್ಕಿ, ಒಣದೇ ಒಂದು ದೊಡ್ಡ ಮುಷ್ಟಿ ಸಾಕು. ಬೆಲ್ಲ, ತೆಂಗಿನತುರಿ ಸೇರಿ ಕಲಸುವಾಗ ಅದು ಬಟ್ಟಲು ತುಂಬುತ್ತದೆ. ನೀರುದೋಸೆ ತೆಳ್ಳಗಿರುವುದರಿಂದ ಎರಡು ಕೊಡಬಹುದು. ಅರಸಿನ ಎಲೆಯಲ್ಲಿ ಬೆಂದ ಗಟ್ಟಿಯಾದರೆ ಒಂದು. ಕರಿಯದೆ ಮಾಡುವ ಈ ತಿಂಡಿಗಳಿಗೆ ಎಣ್ಣೆಯ ಭಾರವಿಲ್ಲ. ಹಾಗಾಗಿ ಮಗು ಇನ್ನರ್ಧ ಕೇಳಿದರೂ ಆತಂಕವಿಲ್ಲ.

ಬನ್ಸ್, ಗೋಳಿಬಜೆಯ ಲೆಕ್ಕ ಬೇರೆ. ಹಿಟ್ಟಿನ ಒಂದು ಗ್ರಾಂ ಪಿಷ್ಟದಲ್ಲಿ ನಾಲ್ಕು ಕಿಲೋಕ್ಯಾಲರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ ಒಂಬತ್ತು. ಬಾಳೆಹಣ್ಣು ಕಲಸಿದ ಮೈದಾ ಕಾದ ಎಣ್ಣೆಯಲ್ಲಿ ಉಬ್ಬುವಾಗ ಎಣ್ಣೆಯನ್ನೂ ಕುಡಿಯುತ್ತದೆ. ಆರು ವರ್ಷದ ಮಗುವಿಗೆ ಒಂದು ಬನ್ಸ್ ಕೊಟ್ಟರೆ ಸಂಜೆಯ ಪಾಲು ಬಹುತೇಕ ಮುಗಿದಂತೆ. ಹಾಗೆಂದು ಬನ್ಸ್ ಬೇಡವೆನ್ನುವುದು ಸರಿಯಲ್ಲ. ಜಡಿಮಳೆಯ ಸಂಜೆ ಬಿಸಿಬಿಸಿ ಬನ್ಸಿನ ಪರಿಮಳ ಈ ಊರಿನ ಬಾಲ್ಯದ ಒಂದು ಭಾಗ, ಅದನ್ನು ಮಗುವಿನಿಂದ ಕಸಿಯಬಾರದು. ವಾರಕ್ಕೊಮ್ಮೆ, ಒಂದೇ ಒಂದು, ಸಣ್ಣದಾಗಿ ಲಟ್ಟಿಸಿದ್ದು. ಮೂಡುಬಿದಿರೆಯ ಮೊಸರುಕುಡಿಕೆ ಮುಗಿದ ಮರುದಿನ ಡಬ್ಬದಲ್ಲಿ ಉಳಿಯುವ ಉಂಡೆ, ಚಕ್ಕುಲಿಗೂ ಇದೇ ಮಾತು: ಡಬ್ಬವನ್ನೇ ಮಗುವಿನ ಕೈಗೆ ಕೊಡದೆ, ತಟ್ಟೆಗೆ ಹಾಕಿ ಕೊಡುವುದು.

ಇನ್ನು, ಒಂದೇ ಅಳತೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಮಧ್ಯಾಹ್ನ ಏನು ತಿಂದಿದೆ ಎಂಬುದರ ಮೇಲೆ ಸಂಜೆಯ ಹಸಿವು ನಿಂತಿರುತ್ತದೆ. ಸರಕಾರಿ ಶಾಲೆಯ ಬಿಸಿಯೂಟದಲ್ಲಿ ಐದನೇ ತರಗತಿಯವರೆಗಿನ ಮಗುವಿಗೆ 450 ಕಿಲೋಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕೆಂಬ ನಿಯಮವಿದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೂ ಬಂತು. ಶಾಲೆಯಲ್ಲಿ ಹೊಟ್ಟೆತುಂಬ ಉಂಡ ಮಗುವಿಗೆ ಸಂಜೆ ಹಣ್ಣು, ಹಾಲು ಸಾಕು. ಬೆಳಗ್ಗೆ ಏಳೂವರೆಗೆ ಶಾಲಾ ವಾಹನ ಹತ್ತಿ, ಅರ್ಧ ತಿಂದ ಟಿಫಿನ್ ಡಬ್ಬಿಯೊಂದಿಗೆ ಐದು ಗಂಟೆಗೆ ಇಳಿಯುವ ಮಗುವಿನದು ನಿಜವಾದ ಊಟದ ಹಸಿವು. ಅದಕ್ಕೆ ಬಿಸ್ಕತ್ತು ಕೊಡುವುದಕ್ಕಿಂತ ಸ್ವಲ್ಪ ಅನ್ನ, ಸಾರು, ಒಂದಿಷ್ಟು ಪಲ್ಯವನ್ನೇ ಬಡಿಸಿ, ರಾತ್ರಿಯ ಊಟವನ್ನು ಹಗುರ ಮಾಡಬಹುದು. ಚಾರ್ಮಾಡಿಯ ಬುಡದ ಊರುಗಳಲ್ಲಿ, ಮುಂಡಾಜೆ, ನೆರಿಯದ ಕಡೆ, ತೋಟದ ದಾರಿಯಲ್ಲಿ ಗುಡ್ಡ ಹತ್ತಿ ಇಳಿದು ಮನೆ ಸೇರುವ ಮಕ್ಕಳಿಗೂ ಅರ್ಧ ಪಾಲು ಹೆಚ್ಚಿಗೆ ಬೇಕಾದೀತು. ಬಾಗಿಲಿಗೇ ರಿಕ್ಷಾ ಬರುವ ಮಗುವಿಗೆ ಅಷ್ಟು ಬೇಡ.

ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಬೀಡಿ ಕಟ್ಟುವ ತಾಯಂದಿರ ಕಷ್ಟವನ್ನು ಮರೆತು ಈ ವಿಷಯ ಮಾತನಾಡುವಂತಿಲ್ಲ. ದಿನವಿಡೀ ಮೊರದ ಮುಂದೆ ಕೂತು ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಬರುವಾಗ ಮಗುವಿಗೆಂದು ಅಂಗಡಿಯಿಂದ ಒಂದು ಪ್ಯಾಕೆಟ್ ತರುವುದು ಪ್ರೀತಿಯೇ. ಆದರೆ ನೂರು ಗ್ರಾಂ ಆಲೂಗಡ್ಡೆ ಚಿಪ್ಸಿನಲ್ಲಿ ಸುಮಾರು 540 ಕಿಲೋಕ್ಯಾಲರಿ. ಮೂವತ್ತು ಗ್ರಾಂ ತಿಂದರೆ ಪುಟ್ಟ ಮಗುವಿನ ಸಂಜೆಯ ಪಾಲು ಖಾಲಿ, ಮೈಗೆ ಹತ್ತುವಂಥದ್ದು ಮಾತ್ರ ಹೆಚ್ಚೇನೂ ಇಲ್ಲ. ಕಾಲು ಲೀಟರ್ ಸಿಹಿ ಸೋಡಾದಲ್ಲಿ ಇಪ್ಪತ್ತೈದು ಗ್ರಾಮಿನಷ್ಟು ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ದಿನದ ಶಕ್ತಿಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಂಥ ಸಕ್ಕರೆಯಿಂದ ಬರಬಾರದು, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಪುಟ್ಟ ಮಗುವಿಗೆ ಆ ಅರ್ಧವೆಂದರೆ ಹದಿನೇಳು ಗ್ರಾಂ. ಶಾಲೆಯ ಐವತ್ತು ಮೀಟರ್ ಒಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಅದೇ ದಾರಿಯಲ್ಲಿ ಬಾಳೆಹಣ್ಣಿನ ಗೊನೆ ತೂಗುಹಾಕಿದ ಅಂಗಡಿಯೂ ಸಿಗುತ್ತದೆ. ಕಟ್ಟೆಯ ಮೇಲೆ ಕೂತು ಸುಲಿದು ತಿನ್ನಲು ಹಣ್ಣಿನಷ್ಟು ಸುಲಭದ್ದು ಇನ್ನೊಂದಿಲ್ಲ, ಅದಕ್ಕೆ ಒಲೆ ಹೊತ್ತಿಸುವ ಕೆಲಸವೂ ಇಲ್ಲ.

ಬಡಿಸುವವರು ಯಾರು ಎಂಬುದೂ ಮುಖ್ಯ. ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೂರು ವರ್ಷದ ಮಕ್ಕಳು ತಟ್ಟೆಯಲ್ಲಿ ಎಷ್ಟೇ ಇದ್ದರೂ ತಮಗೆ ಬೇಕಾದಷ್ಟೇ ತಿಂದು ಎದ್ದರು. ಐದು ವರ್ಷದವರು ತಟ್ಟೆಯಲ್ಲಿನ ಪಾಲು ದೊಡ್ಡದಾದಂತೆ ಹೆಚ್ಚು ತಿಂದರು. ಮೂರರಿಂದ ಐದರ ನಡುವೆ ಮಗು ಹೊಟ್ಟೆಯ ಮಾತು ಕೇಳುವುದನ್ನು ಬಿಟ್ಟು ತಟ್ಟೆಯ ಮಾತು ಕೇಳಲು ಕಲಿಯುತ್ತದೆ ಎಂದಾಯಿತು. ಅದೇ ಗುಂಪಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆ ಸಮಾಧಾನ ತರುವಂಥದ್ದು: ದೊಡ್ಡ ಪಾಲು ಮುಂದಿಟ್ಟಾಗ ತಿಂದದ್ದಕ್ಕಿಂತ, ತಾವೇ ಬಡಿಸಿಕೊಂಡಾಗ ಮಕ್ಕಳು ಶೇಕಡಾ 25ರಷ್ಟು ಕಡಿಮೆ ತಿಂದರು. ಸಟ್ಟುಗವನ್ನು ಮಗುವಿನ ಕೈಗೆ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಚಾಪೆಯ ಮೇಲೆ ನಾಲ್ಕು ಕಾಳು ಚೆಲ್ಲಿದರೆ ಗುಡಿಸಿಕೊಳ್ಳಬಹುದು. "ಪೂರ್ತಿ ಮುಗಿಸು ಮಗಾ, ಬಿಸಾಡಬಾರದು" ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಬಿಸಾಡಬಾರದೆಂದಾದರೆ ಮೊದಲೇ ಕಡಿಮೆ ಬಡಿಸುವುದು, ಕೇಳಿದರೆ ಇನ್ನೊಮ್ಮೆ ಹಾಕುವುದು ವಾಸಿ.

ಅಳತೆಗಿಂತ ಮೊದಲು ನೋಡಬೇಕಾದದ್ದು ಅಪಾಯ. ನಾಲ್ಕೈದು ವರ್ಷದೊಳಗಿನ ಮಗುವಿಗೆ ಇಡೀ ನೆಲಗಡಲೆ, ಗೇರುಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಸಾಂತಾಣಿ ದೊಡ್ಡ ಮಕ್ಕಳಿಗೆ ಸರಿ. ಸಣ್ಣವರಿಗೆ ಹೊಸದಾಗಿ ಬೇಯಿಸಿದ ಬೀಜವನ್ನು ಹಿಸುಕಿ ಕೊಡುವುದೇ ಕ್ಷೇಮ. ಓಡಾಡುತ್ತ, ನಗುತ್ತ ತಿನ್ನುವ ಮಗುವನ್ನು ಒಂದು ಕಡೆ ಕೂರಿಸಬೇಕು.

ಚಹಾದ ಮಾತೂ ಒಂದಿದೆ. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಪದರವಾಗಿ ನಿಲ್ಲುವ ಕೆ.ಟಿ.ಗೆ, ಅಂದರೆ ಕಲ್ಲಡ್ಕ ಟೀಗೆ, ಹೆಸರು ದೊಡ್ಡದು, ಆದರೆ ಅದು ದೊಡ್ಡವರ ಲೋಟ. ಚಹಾದ ಟ್ಯಾನಿನ್ ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರದಂತೆ ತಡೆಯುತ್ತದೆ. ಬೆಳೆಯುವ ಮಗುವಿಗೆ ರಕ್ತಕ್ಕೆ ಬೇಕಾದದ್ದೇ ಆ ಕಬ್ಬಿಣ. ಬಿಸ್ಕತ್ತು ಅದ್ದಿ ತಿನ್ನುವ ಅಭ್ಯಾಸವಿದ್ದರೆ ಹಾಲಿಗೆ ಅದ್ದಲಿ. ಬಾಯಾರಿಕೆಯನ್ನು ಹಸಿವೆಂದು ತಿಳಿಯುವ ಮಕ್ಕಳೂ ಇದ್ದಾರೆ. ಚೀಲದಲ್ಲಿ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ವಾಪಸು ಬಂದಿದ್ದರೆ ಮೊದಲೊಂದು ಲೋಟ ನೀರು, ಇಲ್ಲವೇ ಸಕ್ಕರೆ ಕಮ್ಮಿ ಹಾಕಿದ ಪುನರ್ಪುಳಿ ಶರಬತ್ತು, ಆಮೇಲೆ ತಿಂಡಿ.

ಊಟಕ್ಕೂ ತಿಂಡಿಗೂ ನಡುವೆ ಎರಡೂವರೆ ಗಂಟೆಯಾದರೂ ಬಿಡುವು ಬೇಕು. ಎಂಟಕ್ಕೆ ಊಟವಾದರೆ ಐದೂವರೆಯ ಒಳಗೆ ತಿಂಡಿಯ ತಟ್ಟೆ ತೊಳೆದಿರಬೇಕು. ಒಂದು ವಾರ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟು ನೋಡಬಹುದು: ಸಂಜೆ ಏನು, ಎಷ್ಟು ಕೊಟ್ಟದ್ದು, ರಾತ್ರಿ ಮಗು ಹೇಗೆ ಉಂಡದ್ದು. ಎಂಟು ಗಂಟೆಗೆ ಮಗು ತಾನಾಗಿಯೇ ಬಂದು ಚಾಪೆಯಲ್ಲಿ ಕೂತ ದಿನಗಳ ಅಳತೆಯೇ ಆ ಮಗುವಿನ ಅಳತೆ. ಆರು ತಿಂಗಳು ಕಳೆದರೆ ಅದೂ ಸ್ವಲ್ಪ ಬದಲಾಗುತ್ತದೆ, ಆಗ ಇನ್ನೊಂದು ವಾರ ಬರೆದು ನೋಡಬೇಕಾಗುತ್ತದೆ.