ಪಾರ್ಶ್ವವಾಯು ಮತ್ತು ಘಟ್ಟದ ಮೇಲಿನ ನಾವು



ಶತಮಾನೋತ್ಸವದ ಈ ಸಂಭ್ರಮದಲ್ಲಿ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಧರ್ಮಕೇಂದ್ರದ ಮನೆಗಳನ್ನೊಮ್ಮೆ ಮನಸ್ಸಿನಲ್ಲೇ ಸುತ್ತಿ ಬಂದರೆ, ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿ ವರ್ಷಗಟ್ಟಲೆ ಮಂಚ ಹಿಡಿದ ಹಿರಿಯರು ನೆನಪಾಗದೆ ಇರಲಾರರು. ಜನ ಇದನ್ನು ಲಕ್ವ ಎನ್ನುತ್ತಾರೆ, ಗಾಳಿ ಹೊಡೆಯಿತು ಎನ್ನುತ್ತಾರೆ. ಪಾರ್ಶ್ವವಾಯು ಎಂಬ ಹೆಸರಿನಲ್ಲೇ ವಾಯು ಸೇರಿಕೊಂಡಿರುವುದರಿಂದ, ರೋಗ ಕೈಕಾಲಿಗೆ ಬಂದದ್ದೆಂದು ತಿಳಿದು ನಾವು ಎಣ್ಣೆ ಹುಡುಕಲು ಹೊರಡುತ್ತೇವೆ. ವಾಸ್ತವವಾಗಿ ಕೆಟ್ಟಿರುವುದು ಮಿದುಳಿನ ರಕ್ತಸಂಚಾರ. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುತ್ತದೆ. ಮಾತಿನ ನೆಲೆಯೂ ಬಹುಪಾಲು ಜನರಲ್ಲಿ ಅಲ್ಲಿಯೇ. ಆದುದರಿಂದಲೇ ಬಲಗೈ ಬಿದ್ದವರಲ್ಲಿ ಅನೇಕರ ಮಾತೂ ಬೀಳುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಡಕೆ ತೋಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರಿನ ಕಾಲುವೆಗೆ ಕಸ ಕಟ್ಟಿಕೊಂಡರೂ ಗಿಡ ಒಣಗುತ್ತದೆ, ಕಾಲುವೆಯ ಏರಿ ಒಡೆದರೂ ತೋಟ ಕೆಡುತ್ತದೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದು ಮೊದಲನೆಯ ಬಗೆ. ಹೆಚ್ಚಿನ ರೋಗಿಗಳದ್ದು ಇದೇ. ನಾಳವೇ ಒಡೆದು ಮಿದುಳಿನೊಳಗೆ ರಕ್ತ ಸೋರುವುದು ಎರಡನೆಯದು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ತೆರ. ಎಷ್ಟು ಅನುಭವವುಳ್ಳ ವೈದ್ಯನೂ ನಾಡಿ ಹಿಡಿದು ಇದು ಇಂಥದೇ ಎಂದು ಖಚಿತವಾಗಿ ಹೇಳಲಾರ. ಒಂದಕ್ಕೆ ಸಂಜೀವಿನಿಯಾದ ಔಷಧ ಇನ್ನೊಂದಕ್ಕೆ ವಿಷ. ಆದುದರಿಂದ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ಕೊಡುವುದಾಗಲಿ, ರಕ್ತದೊತ್ತಡವನ್ನು ಅವಸರದಿಂದ ಇಳಿಸುವುದಾಗಲಿ ಕೂಡದು. ೧೯೭೧ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಸ್ಕ್ಯಾನ್ ಯಂತ್ರವೇ ಈ ಗೊಂದಲವನ್ನು ಬಿಡಿಸಿದ್ದು. ಹೊಸದಾಗಿ ಸೋರಿದ ರಕ್ತ ಅದರ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಇದರೊಂದಿಗೆ ರಕ್ತದ ಸಕ್ಕರೆಯನ್ನೂ ನೋಡಲೇಬೇಕು. ಸಕ್ಕರೆ ತೀರ ಇಳಿದರೂ ಲಕ್ವದಂತೆಯೇ ತೋರುವುದುಂಟು.

ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ರೋಗ ತಗುಲಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ದೊಡ್ಡ ನಾಳ ಮುಚ್ಚಿದವರಿಗೆ ತೊಡೆಸಂದಿನ ನಾಳದ ಮೂಲಕ ಸಪೂರವಾದ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವು ೨೦೧೫ರ ಪ್ರಯೋಗಗಳಿಂದ ಸಿದ್ಧಪಟ್ಟಿದೆ. ಸಾಮಾನ್ಯವಾಗಿ ೬ ಗಂಟೆಯೊಳಗೆ, ಆಯ್ದ ಕೆಲವರಿಗೆ ೨೪ ಗಂಟೆಯವರೆಗೂ ಅದನ್ನು ಮಾಡಬಹುದು. ದೊಡ್ಡ ನಾಳ ಮುಚ್ಚಿದಾಗ ಪ್ರತಿ ನಿಮಿಷ ಸುಮಾರು ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ.

ಇನ್ನು ನಮ್ಮ ರಸ್ತೆಯ ಲೆಕ್ಕ. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು ೭೦ ಕಿಲೋಮೀಟರು, ಶಿರಸಿಯಿಂದ ಸುಮಾರು ೧೦೦. ಸಿದ್ದಾಪುರದವರು ಶಿರಸಿಯ ಮೇಲೆ ಹುಬ್ಬಳ್ಳಿಗೆ ಹೋದರೂ, ಸಾಗರದ ಮೇಲೆ ಶಿವಮೊಗ್ಗಕ್ಕೆ ಹೋದರೂ ದಾರಿ ದೂರವೇ. ಕರಾವಳಿಗೆ ಇಳಿಯುವುದಾದರೆ ಘಟ್ಟ ದಾಟಬೇಕು. ೨೦೨೧ರ ಜುಲೈ ಮಳೆಗೆ ಅರಬೈಲ್ ಘಟ್ಟ ಕುಸಿದು ಸಂಚಾರ ನಿಂತದ್ದು ಮರೆತಿಲ್ಲ. ೨೦೨೨ರಲ್ಲಿ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆಗಾಗಿ ದನಿಯೆತ್ತಿದ್ದು ಸುಮ್ಮನೆ ಅಲ್ಲ. ಕಾಡಿನ ನಡುವಿನ ಸಿದ್ದಿ ಕೇರಿಯಿಂದ ಡಾಂಬರು ರಸ್ತೆಗೆ ಬರುವಷ್ಟರಲ್ಲೇ ಒಂದು ಗಂಟೆ ಕಳೆದಿರುತ್ತದೆ. ನಾಲ್ಕೂವರೆ ಗಂಟೆಯಲ್ಲಿ ರಸ್ತೆಗೆ ಕೊಡಬೇಕಾದ್ದನ್ನು ಕೊಟ್ಟ ಮೇಲೆ, ಎಣ್ಣೆ ತಿಕ್ಕುವುದಕ್ಕೂ ನೆಂಟರ ಸಮಾಲೋಚನೆಗೂ ಉಳಿಯುವ ಹೊತ್ತೆಷ್ಟು?

ಆದುದರಿಂದ ಮನೆಯವರೇ ಲಕ್ಷಣ ಗುರುತಿಸಬೇಕು. ನಗುವಾಗ ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಎತ್ತಿದ ಎರಡು ತೋಳುಗಳಲ್ಲಿ ಒಂದು ಜಾರಿ ಬೀಳುವುದು, ಮಾತು ತೊದಲುವುದು, ಹಠಾತ್ತನೆ ಕಣ್ಣು ಮಂಜಾಗುವುದು ಅಥವಾ ನಡಿಗೆ ತಪ್ಪುವುದು: ಇವುಗಳಲ್ಲಿ ಒಂದೇ ಕಂಡರೂ ಸಾಕು. ಕೂಡಲೇ ಗಡಿಯಾರ ನೋಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಬರೆದಿಡಿ. ಬೆಳಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಲೆಕ್ಕ ಶುರುವಾಗುವುದು ರಾತ್ರಿ ಮಲಗಿದಾಗಿನಿಂದ. ೧೦೮ಕ್ಕೆ ಫೋನ್ ಮಾಡಿ. ಸಿ.ಟಿ. ಯಂತ್ರವೂ ಈ ಚುಚ್ಚುಮದ್ದೂ ಹತ್ತಿರದಲ್ಲಿ ಎಲ್ಲಿ ಸಿಗುತ್ತವೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಬಾಯಿಗೆ ಕಷಾಯ, ಕಾಫಿ, ನೀರು ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ತಪ್ಪಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕಾಗಿ ಗುರುಗಳನ್ನು ಕರೆಯುವುದು ನಮ್ಮ ಪದ್ಧತಿ, ಒಳ್ಳೆಯದೇ. ಆದರೆ ವಾಹನ ಅವರಿಗಾಗಿ ಕಾಯಬಾರದು, ಗುರುಗಳು ಆಸ್ಪತ್ರೆಗೂ ಬರುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತೆಂದು ಮನೆಯಲ್ಲಿ ಕೂತವರೂ ಅಪಾಯದಿಂದ ಪಾರಾದವರಲ್ಲ. ದೊಡ್ಡ ಆಘಾತ ಮುಂದಿನ ಎರಡು ಮೂರು ದಿನಗಳಲ್ಲೇ ಬರುವ ಸಂಭವ ಹೆಚ್ಚು.

ಕಾರಣಗಳಲ್ಲಿ ರಕ್ತದೊತ್ತಡವೇ ಯಜಮಾನ. ಸಿಹಿಮೂತ್ರ, ಬೀಡಿ ಸಿಗರೇಟು, ಹೊಗೆಸೊಪ್ಪಿನ ಕವಳ, ಮದ್ಯ ಅದರ ಪರಿವಾರ. ಉಪ್ಪಿನಕಾಯಿ, ಒಣಮೀನು ಬಿಟ್ಟು ಬದುಕಿ ಎಂದು ಹೇಳುವ ಧೈರ್ಯ ನಮಗಿಲ್ಲ, ಕಡಿಮೆ ಮಾಡಿ ಎನ್ನುತ್ತೇವೆ. ಒತ್ತಡ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವವರು ಮಾತ್ರ ತಿಳಿಯಬೇಕು: ಅದು ಸರಿಯಾಗಿರುವುದು ಮಾತ್ರೆಯಿಂದಲೇ. ಮಕ್ಕಳಿಗೆ ಗಂಟಲುನೋವಿನ ಹಿಂದೆಯೇ ಕೀಲುಗಳು ಬಾತು ಜ್ವರ ಬಂದರೆ ಅಲಕ್ಷಿಸಬಾರದು. ಅದರಿಂದ ಹೃದಯದ ಕವಾಟ ಕೆಟ್ಟು, ಮುಂದೆ ಹೃದಯದಲ್ಲಿ ಹುಟ್ಟಿದ ಹೆಪ್ಪು ಮಿದುಳಿಗೆ ಹೋಗಿ, ಪ್ರಾಯದವರಿಗೂ ಲಕ್ವ ಹೊಡೆಯುತ್ತದೆ.

ತಾಯಂದಿರಿಗೆ ಒಂದು ಮಾತು ವಿಶೇಷವಾಗಿ. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿ ಅನೇಕ ಕಡೆ ಇದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ; ನೀರಿಲ್ಲದೆ ದೇಹ ಒಣಗಿದರೆ ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಗಳೇ ಕಟ್ಟಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂತಹ ಬಾಣಂತಿಯರನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ಬಿಡದ ತಲೆನೋವು, ವಾಂತಿ, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಕಂಡಾಗ ದೃಷ್ಟಿ ತೆಗೆಯುತ್ತ ಕೂರುವುದು ಎಳೆಯ ತಾಯಿಯ ಜೀವದೊಡನೆ ಆಡಿದಂತೆ. ಹೊತ್ತಿಗೆ ಹೆಪಾರಿನ್ ಔಷಧ ಸಿಕ್ಕರೆ ಇವರಲ್ಲಿ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಬಾಣಂತಿಗೆ ಕಾಯಿಸಿ ಆರಿಸಿದ ನೀರನ್ನು ಧಾರಾಳವಾಗಿ ಕೊಡಿ.

ಆಸ್ಪತ್ರೆಯಿಂದ ಬಂದ ಮೇಲಿನ ಶ್ರಮ ಮಗಳ ಅಥವಾ ಸೊಸೆಯ ಪಾಲಿಗೆ ಬೀಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ದಿನವೂ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಒಬ್ಬರಿಂದಾಗುವ ಕೆಲಸವಲ್ಲ. ಮನೆಯ ಗಂಡಸರೂ ಕೈಹಚ್ಚಬೇಕು. ಮಾತು ಹೋದವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ನೀರು ಬೇಕೆಂದು ಕೇಳಲಾರದ ಅಜ್ಜಿ, ಸಂಜೆ ಜಪಮಾಲೆಯ ಹೊತ್ತಿಗೆ ಎಲ್ಲರೊಡನೆ ಪ್ರಾರ್ಥನೆಯನ್ನು ತಡವರಿಸದೆ ಹೇಳುವುದುಂಟು. ಮನೆಯವರು ಇದನ್ನು ನಟನೆಯೆಂದು ಶಂಕಿಸುತ್ತಾರೆ, ಇಲ್ಲವೆ ಪೂರ್ತಿ ಗುಣವಾಯಿತೆಂದು ಹಿಗ್ಗುತ್ತಾರೆ. ಎರಡೂ ಅಲ್ಲ. ಬಾಲ್ಯದಿಂದ ಬಾಯಿಪಾಠವಾದ ಪ್ರಾರ್ಥನೆಯೂ ರಾಗವುಳ್ಳ ಹಾಡೂ ಹೊಸ ವಾಕ್ಯ ಕಟ್ಟುವ ಶಕ್ತಿಯನ್ನು ಅಷ್ಟಾಗಿ ಅವಲಂಬಿಸಿಲ್ಲ, ಅದಕ್ಕೇ ಉಳಿಯುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಮಾತಿನ ಚಿಕಿತ್ಸೆ ದೊರೆಯುತ್ತದೆ. ಅಷ್ಟು ದೂರ ಹೋಗುವವರೆಗೆ ಅಜ್ಜಿಯನ್ನು ಜಪಮಾಲೆಯ ಹೊತ್ತಿಗೆ ಒಳಕೋಣೆಯಲ್ಲಿ ಬಿಡದೆ ಎಲ್ಲರ ನಡುವೆ ಕೂರಿಸಿರಿ.