ಮರಕ್ಕೆ ಕಟ್ಟಿದ ಕಣ್ಣು



ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ. ಸೌದೆಗೆ, ಸೊಪ್ಪಿಗೆ ಕಾಡಂಚಿಗೆ ಹೋಗುವವರೂ ಇದ್ದೀರಿ. ಅಲ್ಲಿ ಮರಕ್ಕೆ, ಮೊಣಕಾಲೆತ್ತರದಲ್ಲಿ, ಒಂದು ಪೆಟ್ಟಿಗೆ ಕಟ್ಟಿರುವುದನ್ನು ಕೆಲವರು ನೋಡಿರಬಹುದು. ಊಟದ ಡಬ್ಬಿಯಷ್ಟಿರುತ್ತದೆ. ನಡುವೆ ಗಾಜಿನ ಕಣ್ಣು. "ಮುಟ್ಟಿದ್ರೆ ಕರೆಂಟು ಹೊಡೀತದಾ ಟೀಚರ್?" ಅಂತ ಕೇಳಿದವರುಂಟು. ಹೊಡೆಯುವುದಿಲ್ಲ. ಅದು ಕ್ಯಾಮೆರಾ. ಕ್ಯಾಮೆರಾ ಟ್ರ್ಯಾಪ್ ಅಂತ ಹೆಸರು. ಟ್ರ್ಯಾಪ್ ಅಂದರೆ ಬೋನು. ಆದರೆ ಈ ಬೋನಿಗೆ ಪ್ರಾಣಿ ಬೀಳುವುದಿಲ್ಲ, ಪ್ರಾಣಿಯ ಚಿತ್ರ ಬೀಳುತ್ತದೆ.

ಅದರ ಹತ್ತಿರ ಯಾರೂ ಕೂತಿರುವುದಿಲ್ಲ. ಹಾಗಾದರೆ ಫೋಟೋ ತೆಗೆಯುವವರು ಯಾರು? ಹಸುವಿನ ಮೈ ಮುಟ್ಟಿದರೆ ಬೆಚ್ಚಗಿರುತ್ತದಲ್ಲ, ಹಾಗೆ ಹುಲಿ, ಚಿರತೆಯಂಥ ಪ್ರಾಣಿಗಳ ಮೈಯಿಂದಲೂ ಶಾಖ ಬರುತ್ತದೆ. ಬೆಚ್ಚಗಿನ ಮೈ ಎದುರಿಗೆ ಹಾದುಹೋದರೆ ಪೆಟ್ಟಿಗೆಗೆ ಗೊತ್ತಾಗುತ್ತದೆ. ತಕ್ಷಣ ತಾನೇ ಫೋಟೋ ತೆಗೆಯುತ್ತದೆ. ಬಹಳ ಕ್ಯಾಮೆರಾಗಳು ಕತ್ತಲಲ್ಲಿ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಟ್ಟು ತೆಗೆಯುತ್ತವೆ. ಚಿತ್ರದ ಜೊತೆಗೆ ತಾರೀಖು, ಗಂಟೆ ಎರಡೂ ಅಚ್ಚಾಗುತ್ತವೆ.

ಇದನ್ನು ಯಾತಕ್ಕೆ ಕಟ್ಟುತ್ತಾರೆ? ಎಣಿಸುವುದಕ್ಕೆ. ಹಿಂದೆ ಹೆಜ್ಜೆ ಗುರುತು ನೋಡಿ ಹುಲಿ ಲೆಕ್ಕ ಮಾಡುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ರೀತಿ, ಕೆಸರಿನಲ್ಲಿ ಇನ್ನೊಂದು ರೀತಿ ಮೂಡುತ್ತದೆ. ಲೆಕ್ಕ ತಪ್ಪುತ್ತಿತ್ತು. 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು ಎಣಿಸುವ ಕ್ರಮ ತಂದರು. ಇವರು ಸಾಹಿತಿ ಶಿವರಾಮ ಕಾರಂತರ ಮಗ. ಹುಲಿಯ ಮೈಮೇಲಿನ ಪಟ್ಟೆ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಚಿರತೆಯ ಚುಕ್ಕೆಯೂ ಹಾಗೆಯೇ. ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ನಾವು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತೆವು, ಹುಲಿಗೆ ಮಾತ್ರ ಇನ್ನೂ ಹೆಬ್ಬೆಟ್ಟೇ ಗತಿ! ಎಡಮೈಯ ಪಟ್ಟೆ ಬೇರೆ, ಬಲಮೈಯ ಪಟ್ಟೆ ಬೇರೆ. ಅದಕ್ಕೇ ದಾರಿಯ ಆ ಕಡೆ ಒಂದು, ಈ ಕಡೆ ಒಂದು ಎರಡು ಪೆಟ್ಟಿಗೆ ಕಟ್ಟುತ್ತಾರೆ.

2018-19ರಲ್ಲಿ ದೇಶದಲ್ಲಿ 26,838 ಜಾಗಗಳಲ್ಲಿ ಹೀಗೆ ಕ್ಯಾಮೆರಾ ಇಟ್ಟರು. ಮೂರೂವರೆ ಕೋಟಿಯ ಹತ್ತಿರ ಫೋಟೋ ಬಂತು. ಅದರಲ್ಲಿ ಹುಲಿಯ ಫೋಟೋ 76,651. ಚಿರತೆಯದು 51,777.

ಅದು ದೊಡ್ಡ ಕಾಡಿನ ಮಾತಾಯಿತು. ನಮ್ಮ ತೋಟದ ಮಾತಿಗೆ ಬರೋಣ. ಚಿಕ್ಕಮಗಳೂರಿನ ಕಡೆ ಭದ್ರಾ ಅಭಯಾರಣ್ಯದ ಸುತ್ತಲಿನ ಕಾಫಿ ತೋಟಗಳಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು, ಹೆಜ್ಜೆ ನೋಡಿ ಒಂದು ಅಧ್ಯಯನ ಮಾಡಿದರು. 2007ರಲ್ಲಿ ಅದು ಪ್ರಕಟವಾಯಿತು. ಬರೀ ಕಾಡಿನಲ್ಲಿ ಇರುತ್ತವೆ ಅಂದುಕೊಂಡ ಎಷ್ಟೋ ಪ್ರಾಣಿಗಳು ತೋಟಕ್ಕೂ ಬರುತ್ತವೆ, ಕಾಡಿಗೆ ಹತ್ತಿರದ ತೋಟದಲ್ಲಿ ಹೆಚ್ಚು ಅಂತ ಕಂಡುಬಂತು. ಕಡವೆ, ಕಾಡುಕುರಿ, ಮುಳ್ಳುಹಂದಿ, ಪುನುಗು ಬೆಕ್ಕು ಇವೆಲ್ಲ ನಾವು ಮಲಗಿದ ಮೇಲೆ ತೋಟದಲ್ಲಿ ಓಡಾಡುತ್ತವೆ. ಕಲ್ಲಿನ ಮೇಲೆ ಕಾಫಿ ಬೀಜ ಅಂಟಿಕೊಂಡ ಹಿಕ್ಕೆ ನೀವೂ ನೋಡಿದ್ದೀರಿ. ಅದು ಪುನುಗು ಬೆಕ್ಕಿನದು. ಅದು ಅತ್ತಿ, ಬಸರಿ ಹಣ್ಣು ತಿಂದು ಬೀಜವನ್ನು ದೂರ ಒಯ್ದು ಹಾಕುತ್ತದೆ. ನೆರಳಿಗೆ ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಅದಕ್ಕೆ ತಿನ್ನಲು ಅಂಥ ಹಣ್ಣು ಸಿಗುವುದಿಲ್ಲ.

ಇನ್ನೊಂದು ಕಡೆಯ ಸಂಗತಿ ಕೇಳಿ. ಮಹಾರಾಷ್ಟ್ರದ ಅಕೋಲೆ ಅನ್ನುವ ತಾಲ್ಲೂಕಿನ ಒಂದು ಭಾಗದಲ್ಲಿ ಬರೀ ಹೊಲ, ಕಬ್ಬಿನ ಗದ್ದೆ, ತುಂಬಾ ಜನ. ಅಲ್ಲಿ ವಿದ್ಯಾ ಆತ್ರೇಯ ಅನ್ನುವ ವಿಜ್ಞಾನಿ, ಹೆಣ್ಣುಮಗಳು, ತಮ್ಮ ತಂಡದವರ ಜೊತೆ ಕ್ಯಾಮೆರಾ ಕಟ್ಟಿದರು. 100 ಚದರ ಕಿಲೋಮೀಟರಿಗೆ ಸುಮಾರು 5 ದೊಡ್ಡ ಚಿರತೆ, ಸುಮಾರು 5 ಕತ್ತೆಕಿರುಬ ಇರುವುದು ಲೆಕ್ಕಕ್ಕೆ ಸಿಕ್ಕಿತು. ಇದು 2013ರಲ್ಲಿ ಪ್ರಕಟವಾಯಿತು. ಚಿರತೆಗಳು ಹಗಲು ಕಬ್ಬಿನಲ್ಲಿ ಮಲಗಿ ರಾತ್ರಿ ತಿರುಗುತ್ತಿದ್ದವು. ಅವು ತಿನ್ನುತ್ತಿದ್ದದ್ದರಲ್ಲಿ ನಾಯಿಯೇ ಹೆಚ್ಚು. ನಮ್ಮ ಲೈನ್ ಮನೆಗಳ ಅಂಗಳದಲ್ಲೂ ನಾಯಿ, ಕುರಿ, ಕೋಳಿ ಇರುತ್ತವಲ್ಲ? ರಾತ್ರಿ ಕೊಟ್ಟಿಗೆಯ ಬಾಗಿಲು ಗಟ್ಟಿಯಾಗಿ ಹಾಕಿ. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಬಯಲಿಗೆ ಕಳಿಸಬೇಡಿ. ಮನೆಗೊಂದು ಕಕ್ಕಸು ಬೇಕು ಅಂತ ನಾವು ತೋಟದ ಯಜಮಾನರ ಹತ್ತಿರ, ಪಂಚಾಯಿತಿಯ ಹತ್ತಿರ ಕೇಳುವುದಕ್ಕೆ ಇದೂ ಒಂದು ಕಾರಣ.

ಈಗ ನಮಗೆ ಸಂಬಂಧಪಟ್ಟ ದೊಡ್ಡ ಮಾತು. ಕ್ಯಾಮೆರಾಗೆ ಹುಲಿ ಯಾವುದು, ಹೆಂಗಸು ಯಾರು ಅಂತ ಗೊತ್ತಿಲ್ಲ. ನಮ್ಮ ಮೈಯೂ ಬೆಚ್ಚಗೇ ಇದೆ. ಎದುರಿಗೆ ಹೋದರೆ ನಮ್ಮ ಫೋಟೋ ಕೂಡ ಬೀಳುತ್ತದೆ. ಉತ್ತರಾಖಂಡದ ಕಾರ್ಬೆಟ್ ಕಾಡಿನ ಸುತ್ತಲ ಹೆಂಗಸರನ್ನು ಮಾತಾಡಿಸಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2024ರಲ್ಲಿ ಬರೆದಿದ್ದಾರೆ. ಆ ಹೆಂಗಸರು ಸೌದೆ, ಹುಲ್ಲಿಗೆ ಹೋದಾಗ ಗಟ್ಟಿಯಾಗಿ ಮಾತಾಡುತ್ತಾ, ಹಾಡುತ್ತಾ ಹೋಗುವ ರೂಢಿ. ಪ್ರಾಣಿ ದೂರ ಇರಲಿ ಅಂತ. ಕ್ಯಾಮೆರಾ ಬಂದ ಮೇಲೆ ನಾಚಿಕೆಗೆ, ಭಯಕ್ಕೆ ಬಾಯಿ ಮುಚ್ಚಿ ನಡೆಯತೊಡಗಿದರು. ಹೊಸ ಜಾಗ ಹುಡುಕಿ ಒಳಗೊಳಗೆ ಹೋದರು. ಅಲ್ಲಿ ಅಪಾಯ ಹೆಚ್ಚು. ಬಹಿರ್ದೆಸೆಗೆ ಹೋದ ಒಬ್ಬ ಹೆಂಗಸಿನ ಫೋಟೋ ಊರವರ ಮೊಬೈಲುಗಳಿಗೂ ಹೋಯಿತಂತೆ. ಹುಲಿ ಎಣಿಸುವುದು ಒಳ್ಳೆಯ ಕೆಲಸವೇ. ಆದರೆ ಇದು ಖಂಡಿತ ಸರಿಯಲ್ಲ.

ಹಾಗಂತ ಪೆಟ್ಟಿಗೆ ಒಡೆಯಬೇಡಿ, ಬಿಚ್ಚಬೇಡಿ. ಕೇಸಾದರೆ ಅಲೆಯುವವರು ನಾವೇ. ಕಟ್ಟಲು ಬಂದವರನ್ನು ನಿಲ್ಲಿಸಿ ಕೇಳಿ. "ಎಲ್ಲಿ ಕಟ್ಟುತ್ತೀರಿ? ಎಷ್ಟು ದಿನ? ನಮ್ಮ ಫೋಟೋ ಬಿದ್ದರೆ ಅಳಿಸುತ್ತೀರಾ? ಅದನ್ನು ಯಾರು ನೋಡುತ್ತಾರೆ?" ನೀರಿಗೆ ಹೋಗುವ, ಬಯಲಿಗೆ ಹೋಗುವ ದಾರಿ ನಮ್ಮದು, ಅಲ್ಲಿ ಬೇಡ ಅಂತ ಹೇಳಿ. ಒಬ್ಬರೇ ಹೇಳಲು ಹಿಂಜರಿಕೆಯಾದರೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ಕ್ಯಾಮೆರಾ ಇರುವಲ್ಲಿ ಕನ್ನಡದಲ್ಲಿ ಬೋರ್ಡು ಹಾಕಲು ಹೇಳಿ. ಈಗ ಅದನ್ನು ಓದುವವರು ನಾವಿದ್ದೇವೆ. ಕಾಗದಕ್ಕೆ ಸಹಿ ಕೇಳಿದರೆ ಪೂರ್ತಿ ಓದಿ, ತಿಳಿಯದಿದ್ದರೆ ಕೇಳಿ, ಆಮೇಲೆ ಸಹಿ.

ಫೋಟೋ ತೋರಿಸಿ ಅಂತಲೂ ಕೇಳಿ. ತೋರಿಸಿದರೆ ಅದರ ಅಂಚಿನಲ್ಲಿರುವ ಅಂಕಿ ಓದಿ. ಅಲ್ಲಿ ಗಂಟೆಯನ್ನು 24ರ ಲೆಕ್ಕದಲ್ಲಿ ಹಾಕಿರುತ್ತಾರೆ. 02:40 ಅಂದರೆ ನಡುರಾತ್ರಿ ಕಳೆದು ಎರಡು ಗಂಟೆ ನಲವತ್ತು ನಿಮಿಷ. 19:30 ಇದ್ದರೆ 19ರಲ್ಲಿ 12 ಕಳೆಯಿರಿ. ಸಂಜೆ ಏಳೂವರೆ. ಹಾಗಾದರೆ ನಿಮ್ಮ ಲೈನಿನ ಹಿಂದೆ ಚಿರತೆ 21:15ಕ್ಕೆ ಹಾದುಹೋಗಿದ್ದರೆ ಆಗ ಎಷ್ಟು ಗಂಟೆ? ಪಟ್ಟಿಯಲ್ಲಿ ಬರೆದು ನೋಡಿ.